ಎಸಳು ದೊಡ್ಡದು ಅಂದರೆ ಎಷ್ಟು ದೊಡ್ಡದು?

14 ಮಾರ್ಚ್ 2024, ಗುರುವಾರ

ಇವತ್ತು ಸಂಜೆಯಿಡೀ ಒಂದೇ ಹೂವಿನ ಜೊತೆ ಗುದ್ದಾಡಿದೆ. ಐರಿಸ್ ಡೇಟಾದ (ಮೂರು ಐರಿಸ್ ಜಾತಿಗಳ ಹೂವಿನ ಅಳತೆಗಳ ಪಟ್ಟಿ) 150 ಹೂವುಗಳಲ್ಲಿ ಒಂದು. ಎಸಳಿನ ಉದ್ದ 4.9 ಸೆಂ.ಮೀ., ಅಗಲ 1.8. ಜಾತಿ ವರ್ಜಿನಿಕ, ಆದರೆ ಅಳತೆ ನೋಡಿ ಜಾತಿ ಹೇಳಲು ನಾನು ಬರೆದ ಫಜಿ ರೂಲ್‌ಗಳು ವರ್ಸಿಕಲರ್ ಅನ್ನೋ ಇನ್ನೊಂದು ಜಾತಿ ಅಂತಲೇ ಹಟ ಹಿಡಿದಿದ್ದವು. ಫಜಿ ಅಂದರೆ ಬರೀ ಹೌದು-ಇಲ್ಲ ಅನ್ನದೆ, ಒಂದು ಅಳತೆ 'ದೊಡ್ಡದು'ವಿನಂಥ ಪದಕ್ಕೆ ಎಷ್ಟು ಒಪ್ಪುತ್ತೆ ಅಂತ 0ಯಿಂದ 1ರೊಳಗೆ ಅಂಕ ಕೊಡೋದು.

ಎಸಳು, ಪುಷ್ಪಪತ್ರ (ಎಸಳಿನ ಹೊರಗಿನ ಎಲೆಯಂಥ ಭಾಗ) ಎರಡರದ್ದೂ ಉದ್ದ, ಅಗಲ, ಹೀಗೆ ನಾಲ್ಕೂ ಅಳತೆಗೆ ಚಿಕ್ಕದು, ಮಧ್ಯಮ, ದೊಡ್ಡದು ಅಂತ ಮೂರು ಮೂರು ಪದ ಇಟ್ಟರೆ 81 ರೂಲ್ ಆಗುತ್ತವೆ. ಅಷ್ಟನ್ನು ಯಾರು ಕೂತು ಓದುತ್ತಾರೆ? ಓದಿದರೆ ಅರ್ಥವಾಗಬೇಕು ಅಂತಲೇ ನಾನು ಈ ದಾರಿ ಹಿಡಿದಿದ್ದು. ಹಾಗಾಗಿ ಎಸಳಿನ ಉದ್ದ, ಅಗಲ ಎರಡೇ ಸಾಕು ಅಂತ 9 ರೂಲ್‌ಗೆ ನಿಲ್ಲಿಸಿದೆ. ಪದಗಳಿಗೆ ತ್ರಿಕೋನಗಳನ್ನು (ಮೇಲಿನ ತುದಿಯಲ್ಲಿ ಅಂಕ 1, ಅಲ್ಲಿಂದ ಬದಿಗೆ ಇಳಿಯುತ್ತಾ 0) ಮಾತ್ರ ಸುಮ್ನೆ ಸಮನಾಗಿ ಹಂಚಿಬಿಟ್ಟಿದ್ದೆ. ತಪ್ಪಾಗಿದ್ದು ಅಲ್ಲೇ.

ಲೆಕ್ಕ ಬಿಡಿಸಿ ನೋಡಿದೆ. ಅಗಲದಲ್ಲಿ 'ಮಧ್ಯಮ'ದ ತುದಿ 1.3ಕ್ಕೆ, 'ದೊಡ್ಡದು' ತುದಿ 2.5ಕ್ಕೆ. ಆಗ 1.8ಕ್ಕೆ ಮಧ್ಯಮ 0.58, ದೊಡ್ಡದು 0.42. ಉದ್ದ 4.9ಕ್ಕೆ ಮಧ್ಯಮ 0.68. ಎರಡು ಅಂಕಗಳಲ್ಲಿ ಚಿಕ್ಕದೇ ರೂಲಿನ ಬಲ, ಜಾಸ್ತಿ ಬಲ ಇರುವ ರೂಲಿನದ್ದೇ ತೀರ್ಪು, ಹೀಗಾಗಿ 'ಎರಡೂ ಮಧ್ಯಮ ಆದರೆ ವರ್ಸಿಕಲರ್' ಅನ್ನೋ ರೂಲ್ 0.58ರಲ್ಲಿ ಗೆದ್ದುಬಿಟ್ಟಿತ್ತು. ರೂಲಿನಲ್ಲಿ ಏನೂ ತಪ್ಪಿಲ್ಲ. 1.8 ಅಗಲವನ್ನು ಮಧ್ಯಮ ಅಂದವನು ನಾನು!

'ದೊಡ್ಡದು' 2.0ಕ್ಕೇ ಪೂರ್ತಿ 1 ಆಗಲಿ, ಅಲ್ಲಿಂದಾಚೆ ಹಾಗೇ ಇರಲಿ ಅಂತ ತಿದ್ದಿದೆ, ಮಧ್ಯಮವೂ ಅಲ್ಲಿಗೇ ಸೊನ್ನೆಗೆ ಇಳಿಯುತ್ತೆ. ಈಗ 1.8ಕ್ಕೆ ದೊಡ್ಡದು 0.71, 'ಉದ್ದ ಮಧ್ಯಮ, ಅಗಲ ದೊಡ್ಡದು ಆದರೆ ವರ್ಜಿನಿಕ' 0.68ರಲ್ಲಿ ಗೆಲ್ಲುತ್ತೆ. ಅಷ್ಟೇ ಉದ್ದದ, 1.5 ಅಗಲದ ಹೂವು ಮೊದಲಿನ ಹಾಗೇ ವರ್ಸಿಕಲರ್. ಖುಷಿಯಾಯಿತು. ಗಣಿತಜ್ಞ ಲೋಟ್ಫಿ ಝಾದೆ 1965ರಲ್ಲಿ ಫಜಿ ಸೆಟ್‌ಗಳ ಬಗ್ಗೆ ಬರೆದಾಗಿನಿಂದಲೂ ಇರೋದು ಇದೇ ಅಲ್ವಾ, ಒಂದು ವಸ್ತು ಎರಡು ಗುಂಪಿಗೂ ಸ್ವಲ್ಪ ಸ್ವಲ್ಪ ಸೇರಬಹುದು ಅನ್ನೋದು. ಎಷ್ಟು ಸ್ವಲ್ಪ ಅನ್ನೋದನ್ನು ಡೇಟಾ ನೋಡಿಯೇ ಹೇಳಬೇಕು.

ಇನ್ನೊಂದು ಉಳಿದಿದೆ. ಒಂದು ವರ್ಸಿಕಲರ್, ಒಂದು ವರ್ಜಿನಿಕ, ಎರಡರದ್ದೂ ಎಸಳು 4.8 ಉದ್ದ, 1.8 ಅಗಲ. ತ್ರಿಕೋನ ಎಲ್ಲಿಗೆ ಎಳೆದರೂ ಇವು ಬೇರೆಯಾಗಲ್ಲ. ಆದರೆ ಪುಷ್ಪಪತ್ರದ ಅಗಲ ಮೊದಲನೆಯದಕ್ಕೆ 3.2, ಎರಡನೆಯದಕ್ಕೆ 2.8. ನಾಳೆ ಆ ಅಳತೆಗೆ ಒಂದೇ ಒಂದು ರೂಲ್ ಸೇರಿಸಿ ನೋಡ್ತೀನಿ. ಅದರಿಂದ ಬೇರೆ ಹೂವುಗಳು ಕೆಟ್ಟರೆ ತೆಗೆದುಬಿಡ್ತೀನಿ.