ಆ್ಯಶ್ ಮರ ಹೋದ ಜಾಗಕ್ಕೆ ಹೊಸ ಮರಗಳು: ಮಿನ್ನೆಸೋಟದ ನಮ್ಮ ಹಿತ್ತಲು, ಈವರೆಗೆ

ಹಿತ್ತಲಿನ ದೊಡ್ಡ ಆ್ಯಶ್ ಮರವನ್ನು ಚಳಿಗಾಲದಲ್ಲೇ ಕಡಿಸಿದೆವು. ಎಮರಾಲ್ಡ್ ಆ್ಯಶ್ ಬೋರರ್ ಅನ್ನುವ ಹಸಿರು ಜೀರುಂಡೆಯ ಮರಿಹುಳು ತೊಗಟೆಯ ಅಡಿ ಸುರಂಗ ಕೊರೆಯುತ್ತದೆ, ಮರಕ್ಕೆ ನೀರು, ಆಹಾರ ಎರಡೂ ತಪ್ಪುತ್ತದೆ. ಅಮೆರಿಕದಲ್ಲಿ ಇದು ಮೊದಲು ಪತ್ತೆಯಾಗಿದ್ದು 2002ರಲ್ಲಿ, ಮಿಶಿಗನ್‌ನಲ್ಲಿ. 2009ರಲ್ಲಿ ನಮ್ಮ ಸೇಂಟ್ ಪಾಲ್‌ನಲ್ಲಿ ಸಿಕ್ಕಿತು. ಅದಕ್ಕೂ ಮೊದಲು ಇಲ್ಲಿನ ಬೀದಿಗಳ ಎಲ್ಮ್ ಮರಗಳು ಡಚ್ ಎಲ್ಮ್ ರೋಗಕ್ಕೆ ಹೋಗಿದ್ದವು, ಆ ಜಾಗಕ್ಕೆ ಸಾಲುಸಾಲಾಗಿ ನೆಟ್ಟಿದ್ದೇ ಈ ಆ್ಯಶ್. ಒಂದೇ ಜಾತಿ ನೆಟ್ಟರೆ ಒಂದು ಹುಳು ಬಂದಾಗ ಇಡೀ ಬೀದಿ ಬೋಳು. ಹಾಗಾಗಿ ಈ ಸಲ ಮೂರು ಬೇರೆ ಬೇರೆ ಜಾತಿ ಅಂತ ಮನೆಯಲ್ಲಿ ಎಲ್ಲರೂ ಸೇರಿ ತೀರ್ಮಾನ ಮಾಡಿದೆವು.

ಏಪ್ರಿಲ್ ಪೂರ್ತಿ ಆಯ್ಕೆಯಲ್ಲೇ ಹೋಯಿತು. ಅಮೆರಿಕದ ಕೃಷಿ ಇಲಾಖೆಯ 2023ರ ಚಳಿ ವಲಯದ ನಕ್ಷೆಯಲ್ಲಿ ಸೇಂಟ್ ಪಾಲ್‌ಗೆ ಅಂಟಿಕೊಂಡ ಮಿನಿಯಾಪೊಲಿಸ್ 5ಎ ಆಗಿದೆ. ಅಂದರೆ ವರ್ಷದ ಅತಿ ಚಳಿಯ ರಾತ್ರಿ ಸರಾಸರಿ ಮೈನಸ್ 26ರಿಂದ ಮೈನಸ್ 29 ಡಿಗ್ರಿ ಸೆಲ್ಸಿಯಸ್. ಆದರೆ ಅದು ಸರಾಸರಿ ಮಾತ್ರ, 2019ರ ಜನವರಿ ಕೊನೆಯಲ್ಲಿ ಇಲ್ಲಿ ಮೈನಸ್ 33 ಮುಟ್ಟಿತ್ತು. ಮರ ಐವತ್ತು ವರ್ಷ ನಿಲ್ಲಬೇಕು, ಅಂಥ ಒಂದು ರಾತ್ರಿ ಬಂದೇ ಬರುತ್ತದೆ ಅಲ್ವಾ? ಅದಕ್ಕೇ 4 ಅಥವಾ ಅದಕ್ಕಿಂತ ಕಡಿಮೆ, ಅಂದರೆ ಇನ್ನೂ ಹೆಚ್ಚು ಚಳಿಯ, ವಲಯದ ಚೀಟಿ ಇದ್ದ ಗಿಡಗಳನ್ನು ಮಾತ್ರ ನೋಡಿದೆ.

ಮಣ್ಣು ಪರೀಕ್ಷೆ ಮಾಡಿಸಿದ್ದರಿಂದ ತುಂಬಾ ಉಪಕಾರವಾಯಿತು. ಪಿಎಚ್ 7.5 ದಾಟಿದ, ಅಂದರೆ ಕ್ಷಾರೀಯ, ಜೇಡಿಮಣ್ಣು ನಮ್ಮದು. ಶರತ್ಕಾಲದಲ್ಲಿ ಕೆಂಪಾಗುವ ರೆಡ್ ಮೇಪಲ್ ನನಗೆ ಬಹಳ ಇಷ್ಟ, ಆದರೆ ಇಂಥ ಮಣ್ಣಿನಲ್ಲಿ ಅದಕ್ಕೆ ಮ್ಯಾಂಗನೀಸ್, ಕಬ್ಬಿಣದಂಥ ಅಂಶ ಸಿಗದೆ ಎಲೆ ಹಳದಿ ತಿರುಗಿ ಸೊರಗುತ್ತದೆ. ರಿವರ್ ಬರ್ಚ್ ಕೂಡ ಹಾಗೇ. ಎರಡನ್ನೂ ಬಿಟ್ಟೆ. ಬರ್ ಓಕ್ ಆರಿಸಿದೆ: ಈ ನೆಲದ್ದೇ ಮರ, ಜೇಡಿಮಣ್ಣು, ಬರ, ಕಡು ಚಳಿ ಎಲ್ಲ ತಡೆಯುತ್ತದೆ. ನಿಧಾನ ಬೆಳೆಯುತ್ತದೆ ಅಂತ ಜನ ಹಿಂಜರಿಯುತ್ತಾರೆ, ನನಗೆ ಅದು ತಕರಾರೇ ಅಲ್ಲ.

ವಾಯವ್ಯದ ಗಾಳಿಗೆ ತಡೆಯಾಗಿ ಬ್ಲ್ಯಾಕ್ ಹಿಲ್ಸ್ ಸ್ಪ್ರೂಸ್ ಅನ್ನುವ ಸೂಜಿಯೆಲೆಯ ನಿತ್ಯಹಸಿರು ಮರ. ನೀಲಿ ಸ್ಪ್ರೂಸ್ ನೋಡಲು ಚೆಂದ, ಆದರೆ ಇಲ್ಲಿನ ತೇವದ ಬೇಸಿಗೆಯಲ್ಲಿ ಶಿಲೀಂಧ್ರ ರೋಗ ಬಂದು ಕೆಳಗಿನ ಕೊಂಬೆಗಳ ಸೂಜಿ ಉದುರಿ ಬೋಳಾಗುತ್ತದೆ. ಅಡುಗೆಮನೆ ಕಿಟಕಿ ಎದುರು, ವಿದ್ಯುತ್ ತಂತಿಯ ಕೆಳಗೆ, ಚಿಕ್ಕದಾದ ಸರ್ವೀಸ್‌ಬೆರಿ. ವಸಂತದಲ್ಲಿ ಬಿಳಿ ಹೂವು, ಜೂನ್‌ನಲ್ಲಿ ಹಣ್ಣು. ಹಕ್ಕಿಗಳು ಬಿಟ್ಟರೆ ನಮ್ಮ ಮಕ್ಕಳಿಗೂ ಉಂಟು.

ಮೇ ತಿಂಗಳಲ್ಲಿ ಗುಂಡಿ ತೋಡುವ ಮೊದಲು 811ಕ್ಕೆ ಫೋನ್ ಮಾಡಿದೆ. ದುಡ್ಡೇನೂ ಇಲ್ಲ, ಗ್ಯಾಸ್, ವಿದ್ಯುತ್ ಕಂಪನಿಗಳ ಕಡೆಯವರೇ ಬಂದು ನೆಲದಡಿಯ ಕೊಳವೆ, ತಂತಿಗಳ ಮೇಲೆ ಬಣ್ಣದ ಬಾವುಟ ನೆಡುತ್ತಾರೆ. ಓಕ್ ಇಡಬೇಕು ಅಂದುಕೊಂಡ ಜಾಗದ ಪಕ್ಕದಲ್ಲೇ ಹಳದಿ ಬಾವುಟ, ಅಂದರೆ ಗ್ಯಾಸ್. ಓಕ್ ಅನ್ನು ಪೂರ್ವಕ್ಕೆ ದೂರ ಸರಿಸಿದೆ.

ನೆಡುವಾಗ ಎಲ್ಲಕ್ಕಿಂತ ಜಾಸ್ತಿ ಗಮನ ಕೊಟ್ಟಿದ್ದು ಆಳಕ್ಕೆ. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಜಾಗ ನೆಲದ ಮೇಲೆ ಕಾಣಬೇಕು. ಕುಂಡದಲ್ಲಿ ಬಂದ ಓಕ್‌ನ ಬುಡ ಒಂದು ಗೇಣು ಮಣ್ಣಿನಡಿ ಹೂತಿತ್ತು. ಕೈಯಿಂದ ಮಣ್ಣು ಕೆದರಿ ಬುಡ ಹುಡುಕಿ, ಸುತ್ತಿಕೊಂಡ ಬೇರುಗಳನ್ನು ಕತ್ತರಿಸಿ, ಆಮೇಲೆ ನೆಟ್ಟೆ. ಅವನ್ನು ಹಾಗೇ ಬಿಟ್ಟರೆ ಕಾಂಡ ದಪ್ಪವಾದ ಹಾಗೆ ಅದೇ ಬೇರು ಕುತ್ತಿಗೆಗೆ ಬಿದ್ದ ಹಗ್ಗದಂತೆ ಬಿಗಿಯುತ್ತದೆ. ಹತ್ತಿಪ್ಪತ್ತು ವರ್ಷ ಚೆನ್ನಾಗಿದ್ದ ಮರ ಗಾಳಿಗೆ ಬುಡದಲ್ಲೇ ಮುರಿಯುವುದಕ್ಕೆ ಇದೂ ಒಂದು ಕಾರಣ. ಗುಂಡಿ ಆಳ ಕಡಿಮೆ, ಅಗಲ ಬೇರಿನ ಮುದ್ದೆಯ ಎರಡು ಮೂರು ಪಟ್ಟು. ತೋಡಿದ ಮಣ್ಣನ್ನೇ ವಾಪಸ್ ತುಂಬಿದೆ, ಗೊಬ್ಬರ ಹಾಕಲಿಲ್ಲ. ಮೇಲೆ ಮೂರು ಅಂಗುಲ ಮರದ ಚೂರು ಹರಡಿದೆ, ಕಾಂಡಕ್ಕೆ ತಾಗದ ಹಾಗೆ.

ನೀರಿನ ಲೆಕ್ಕ ಮಿನ್ನೆಸೋಟ ವಿಶ್ವವಿದ್ಯಾಲಯದವರು ಹೇಳುವುದು: ಕಾಂಡದ ದಪ್ಪದ ಅಂಗುಲಕ್ಕೆ ಒಂದರಿಂದ ಒಂದೂವರೆ ಗ್ಯಾಲನ್. ಮೊದಲ ಎರಡು ವಾರ ದಿನಾ, ಹನ್ನೆರಡನೇ ವಾರದವರೆಗೆ ಎರಡು ಮೂರು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. ನಮ್ಮ ಊರ ಕಡೆ ಮುಂಗಾರು ಹಿಡಿದಾಗ ನೆಟ್ಟರೆ ಈ ಕೆಲಸ ಮಳೆಯೇ ಮಾಡುತ್ತದೆ, ಇಲ್ಲಿ ಪೈಪ್ ಹಿಡಿದು ನಿಲ್ಲಬೇಕು. ನಿಂತೆ, ಮೂರೂ ಬದುಕಿವೆ. ಸ್ಪ್ರೂಸ್ ತುದಿಯಲ್ಲಿ ಹೊಸ ಚಿಗುರು ಬಂದಿದೆ.

ಇನ್ನು ನವೆಂಬರ್‌ಗೆ ಮೊದಲು ಮಾಡಬೇಕಾದ್ದು ಇದೆ. ಹಿಮ ಬಿದ್ದ ಮೇಲೆ ಮೊಲಗಳು ತೊಗಟೆ ತಿನ್ನುತ್ತವೆ, ಹಿಮದಡಿಯಲ್ಲೇ ಇಲಿಜಾತಿಯ ವೋಲ್‌ಗಳೂ ತಿನ್ನುತ್ತವೆ. ಓಕ್ ಮತ್ತು ಸರ್ವೀಸ್‌ಬೆರಿ ಸುತ್ತ ಕಾಲು ಅಂಗುಲದ ಕಣ್ಣಿನ ತಂತಿಜಾಲರಿಯನ್ನು ಮಣ್ಣೊಳಗೆ ಸ್ವಲ್ಪ ಇಳಿಸಿ, ಹಿಮದ ಮಟ್ಟಕ್ಕಿಂತ ಎರಡಡಿ ಎತ್ತರ ಕಟ್ಟಬೇಕು. ಸರ್ವೀಸ್‌ಬೆರಿಯ ತೊಗಟೆ ತೆಳು, ಚಳಿಗಾಲದ ಮಧ್ಯಾಹ್ನದ ಬಿಸಿಲಿಗೆ ನೈಋತ್ಯದ ಮೈ ಬೆಚ್ಚಗಾಗಿ ಸಂಜೆ ಒಮ್ಮೆಲೇ ಹೆಪ್ಪುಗಟ್ಟಿ ಸೀಳುತ್ತದೆ, ಅದಕ್ಕೆ ಬಿಳಿ ಹೊದಿಕೆ ಸುತ್ತಿ ಏಪ್ರಿಲ್‌ನಲ್ಲಿ ಬಿಚ್ಚಬೇಕು. ಓಕ್‌ಗೆ ಏಪ್ರಿಲ್‌ನಿಂದ ಜುಲೈವರೆಗೆ ಕತ್ತರಿ ಮುಟ್ಟಿಸುವ ಹಾಗಿಲ್ಲ, ಗಾಯದ ವಾಸನೆಗೆ ಬರುವ ಜೀರುಂಡೆಗಳು ಓಕ್ ವಿಲ್ಟ್ ರೋಗ ತರುತ್ತವೆ. ಏನಾದರೂ ಸವರುವುದಿದ್ದರೆ ಫೆಬ್ರವರಿಯಲ್ಲಿ ಮಾಡುತ್ತೇನೆ. ಜಾಲರಿ ಈ ವಾರ ತರುತ್ತಿದ್ದೇನೆ.