ರೋಲರ್‌ಕೋಸ್ಟರ್ ಟೈಕೂನ್ ಮತ್ತು ನಮ್ಮ ಮಂಟಪದ ಊಟದ ಹಾಲ್

ದಾವಣಗೆರೆಯ ಒಂದು ಕಲ್ಯಾಣ ಮಂಟಪದಲ್ಲಿ ನಾನು ವ್ಯವಸ್ಥಾಪಕ. ಬುಕಿಂಗ್‌ನಿಂದ ಹಿಡಿದು ಜನರೇಟರ್‌ಗೆ ಡೀಸೆಲ್ ಹಾಕಿಸುವವರೆಗೆ ಎಲ್ಲವೂ ನನ್ನ ತಲೆಗೇ. ಆಷಾಢದಲ್ಲಿ ಮಾತ್ರ ಕೈ ಖಾಲಿ. ಆಗ ಮೊಬೈಲಿನಲ್ಲಿ ರೋಲರ್‌ಕೋಸ್ಟರ್ ಟೈಕೂನ್ ಕ್ಲಾಸಿಕ್ ಆಡುತ್ತೇನೆ; ರೋಲರ್‌ಕೋಸ್ಟರ್‌ನಂಥ ರೈಡ್‌ಗಳಿರುವ ಮನರಂಜನಾ ಪಾರ್ಕನ್ನು ಕಟ್ಟಿ ನಡೆಸುವ ಆಟ ಅದು. ನಮ್ಮ ಆಫೀಸಿನ ಹುಡುಗರು ಅದರ ಹಳೆಯ ಕಾಲದ ಪುಟ್ಟ ಪುಟ್ಟ ಚಿತ್ರಗಳನ್ನು ನೋಡಿ ನಗುತ್ತಾರೆ. ನಗಲಿ. ಮದುವೆಗೆ ಬರುವ ಜನಜಂಗುಳಿಯನ್ನು ನಿಭಾಯಿಸುವ ವಿದ್ಯೆಯಲ್ಲಿ ದೊಡ್ಡ ಪಾಲು ನನಗೆ ಬಂದದ್ದು ಅಲ್ಲಿಂದಲೇ.

ಮೂಲ ಆಟ 1999ರದು. ಸ್ಕಾಟ್ಲೆಂಡಿನ ಕ್ರಿಸ್ ಸಾಯರ್ ಅದರ ಪ್ರೋಗ್ರಾಂ ಅನ್ನು ಬಹುತೇಕ ಒಬ್ಬರೇ ಬರೆದರು; ಅದೂ ಅಸೆಂಬ್ಲಿಯಲ್ಲಿ, ಅಂದರೆ ಯಂತ್ರಕ್ಕೆ ಒಂದೊಂದು ಹೆಜ್ಜೆಯನ್ನೂ ಬಿಡಿಸಿ ಹೇಳಬೇಕಾದ ಭಾಷೆಯಲ್ಲಿ. ಚಿತ್ರಗಳು ಸೈಮನ್ ಫೋಸ್ಟರ್ ಅವರವು, ಸಂಗೀತ ಅಲಿಸ್ಟರ್ ಬ್ರಿಂಬಲ್ ಅವರದು. ಆ ಕಾಲದ ಸಾಧಾರಣ ಕಂಪ್ಯೂಟರಿನಲ್ಲೂ ನೂರಾರು ಜನ ಒಟ್ಟಿಗೇ ಪಾರ್ಕಿನ ತುಂಬಾ ಓಡಾಡುತ್ತಿದ್ದರು. ಅವರು ಬರಿಯ ಲೆಕ್ಕಕ್ಕೆ ಸಿಗುವ ತಲೆಗಳಲ್ಲ. ಯಾರ ಮೇಲೆ ಬೇಕಾದರೂ ಒತ್ತಿ ನೋಡಬಹುದು: ಜೇಬಿನಲ್ಲಿ ಎಷ್ಟು ಹಣವಿದೆ, ಹಸಿವೆಷ್ಟು, ವಾಕರಿಕೆ ಎಷ್ಟು, ಈ ಗಳಿಗೆಯಲ್ಲಿ ಮನಸ್ಸಿನಲ್ಲಿ ಏನಿದೆ. ಸಾಲಿನಲ್ಲಿ ನಿಂತು ನಿಂತು ಬೇಸತ್ತವನು, ಹೊರಗೆ ಹೋಗುವ ದಾರಿ ಸಿಗದೆ ಸುತ್ತುತ್ತಿರುವವನು, ಎಲ್ಲರೂ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಪ್ರತಿ ಗೊಣಗಾಟದ ಹಿಂದೆಯೂ ಹುಡುಕಿದರೆ ಸಿಗುವ ಒಂದು ಕಾರಣವಿರುತ್ತದೆ. ಇಷ್ಟು ವರ್ಷವಾದರೂ ಆ ಆಟ ಬೇಸರ ತರಿಸದಿರುವುದು ಇದರಿಂದಲೇ ಎಂಬುದು ನನ್ನ ಲೆಕ್ಕ. ರೈಲು ತಲೆಕೆಳಗಾಗುವುದನ್ನು ನೋಡುವ ಖುಷಿ ಆಮೇಲಿನದು.

ಮದುವೆ ಮುಗಿದ ಮೇಲೆ ಯಜಮಾನರನ್ನು ಕೇಳಿದರೆ "ಎಲ್ಲಾ ಚೆನ್ನಾಗಿತ್ತು" ಎನ್ನುತ್ತಾರೆ. ಅದರಿಂದ ನನಗೆ ಮೂರು ಕಾಸಿನ ಪ್ರಯೋಜನವಿಲ್ಲ. ಜನ ಸತ್ಯ ನುಡಿಯುವುದು ಕೈ ತೊಳೆಯುವ ಬೇಸಿನ್ ಹತ್ತಿರ. ಹಾಗಾಗಿ ಊಟದ ಹೊತ್ತಿನಲ್ಲಿ ನಾನು ಅಲ್ಲಿಯೇ ನಿಲ್ಲುತ್ತೇನೆ. ಒಮ್ಮೆ ಹೊನ್ನಾಳಿ ಕಡೆಯ ಅಜ್ಜ ಒಬ್ಬರು, "ತಮ್ಮಾ, ಉಂಡದ್ದಕ್ಕಿಂತ ಕೈ ತೊಳೆಯುವುದಕ್ಕೇ ಹೊತ್ತು ಹಿಡಿಯಿತಲ್ಲಪ್ಪಾ" ಎಂದರು. ನೋಡಿದರೆ ನಿಜ. ಬೇಸಿನ್‌ಗಳು ಇದ್ದದ್ದು ಹಾಲ್‌ನ ಮುಂಬಾಗಿಲ ಪಕ್ಕದಲ್ಲಿ. ಉಂಡು ಎದ್ದವರು ಮತ್ತು ಮುಂದಿನ ಪಂಕ್ತಿಗೆ ಕಾದು ನಿಂತವರು ಅದೇ ಬಾಗಿಲಲ್ಲಿ ಎದುರುಬದುರಾಗುತ್ತಿದ್ದರು. ಬಡಿಸುವವರು ನಿಧಾನ ಎಂದು ಅಡುಗೆ ಭಟ್ಟರು ಬೈಸಿಕೊಳ್ಳುತ್ತಿದ್ದರು, ತಪ್ಪು ಬಾಗಿಲಿನದು.

ಆಟದಲ್ಲಿ ಪ್ರತಿ ರೈಡ್‌ಗೂ ಒಳಬಾಗಿಲು, ಹೊರಬಾಗಿಲು ಬೇರೆ ಬೇರೆ. ಎರಡನ್ನೂ ಎಲ್ಲಿ ಇಡಬೇಕೆಂದು ಆಡುವವನೇ ತೀರ್ಮಾನಿಸಬೇಕು. ಪ್ರವೇಶವಿಲ್ಲ ಎಂಬ ಫಲಕ ನೆಟ್ಟರೆ ಅಲ್ಲಿನ ಜನ ದಾಟುವುದೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಫಲಕವಿರುವುದು ಛತ್ರಿ ನೇತುಹಾಕುವುದಕ್ಕೆ. ಬೇಸಿನ್‌ಗಳನ್ನು ಹಿಂಬದಿಗೆ ಹಾಕಿಸಿ, ತಾಂಬೂಲದ ಚೀಲ ಕೊಡುವ ಮೇಜನ್ನು ಹಿಂಬಾಗಿಲ ಆಚೆ ಇಡಿಸಿದೆ. ಅಷ್ಟೇ. ಉಂಡವರೆಲ್ಲ ಹೇಳದೆ ಕೇಳದೆ ಆ ಕಡೆ ನಡೆದರು. ತೆಂಗಿನಕಾಯಿ ಸಿಗುವ ದಿಕ್ಕು ಯಾರಿಗೂ ತಪ್ಪುವುದಿಲ್ಲ.

ಇನ್ನು ಸ್ವಚ್ಛತೆ. ಪಾರ್ಕಿನ ಕಸ ಗುಡಿಸುವವರನ್ನು ಅವರ ಪಾಡಿಗೆ ಬಿಟ್ಟರೆ ಎಲ್ಲೋ ದೂರದ ಮೂಲೆಯಲ್ಲಿ ಹುಲ್ಲು ಕತ್ತರಿಸುತ್ತಿರುತ್ತಾರೆ. ಇತ್ತ ರೈಡ್ ಇಳಿದವರು ವಾಂತಿ ಮಾಡಿಕೊಂಡ ದಾರಿ ಹಾಗೆಯೇ ಇರುತ್ತದೆ. ಅನುಭವಸ್ಥರು ಮಾಡುವ ಮೊದಲ ಕೆಲಸ ಹುಲ್ಲಿನ ಕೆಲಸ ನಿಲ್ಲಿಸಿ, ಒಬ್ಬೊಬ್ಬರಿಗೂ ಒಂದೊಂದು ವಲಯ ಗುರುತಿಸುವುದು. ಮಂಟಪದಲ್ಲೂ ಹಾಗೆಯೇ ಮಾಡಿದೆವು: ಒಬ್ಬರಿಗೆ ಬೇಸಿನ್ ಸಾಲು, ಒಬ್ಬರಿಗೆ ಮೆಟ್ಟಿಲು, ಇಬ್ಬರಿಗೆ ಶೌಚಾಲಯ. ಮೊದಲು ಯಾರು ಕೂಗಿದರೂ ಎಲ್ಲರೂ ಅತ್ತ ಓಡುತ್ತಿದ್ದರು. ಈಗ ಹೇಗಿದೆ ಎಂದು ಮೆಟ್ಟಿಲಿನ ಅಕ್ಕನನ್ನು ಕೇಳಿದೆ. "ಕೆಲಸ ಕಡಿಮೆಯಾಗಿಲ್ಲ ಸರ್, ಆದರೆ ಬೇರೆಯವರ ಬೈಗುಳ ನನಗೆ ಬರುವುದು ನಿಂತಿದೆ" ಎಂದರು.

ಲಿಫ್ಟ್ ಮತ್ತು ಜನರೇಟರ್ ಕೆಟ್ಟ ಮೇಲೆ ಮೆಕ್ಯಾನಿಕ್‌ನನ್ನು ಕರೆಸುವುದಲ್ಲ, ಕೆಡುವ ಮೊದಲೇ ಕಾಲಕಾಲಕ್ಕೆ ತಪಾಸಣೆ ಮಾಡಿಸಬೇಕು ಎಂಬುದೂ ಅಲ್ಲಿನದೇ. ಇದು ಯಾರಿಗೂ ಗೊತ್ತಿಲ್ಲದ ವಿಷಯವೇನಲ್ಲ, ಬಿಡಿ.

ಆದರೆ ಆಟದ ವ್ಯಾಪಾರ ನೀತಿಯನ್ನು ಮಾತ್ರ ಇಲ್ಲಿಗೆ ತರಬಾರದು. ಅಲ್ಲಿ ಮಳೆ ಬಂದೊಡನೆ ಛತ್ರಿಯ ಬೆಲೆ ಏರಿಸಬಹುದು, ನೆನೆಯುವ ಜನ ಮರುಮಾತಿಲ್ಲದೆ ಕೊಳ್ಳುತ್ತಾರೆ. ಶೌಚಾಲಯಕ್ಕೂ ದುಡ್ಡು ಇಡಬಹುದು. ಮುನಿಸಿಕೊಂಡು ಹೋದವನ ಜಾಗಕ್ಕೆ ಗೇಟಿನಿಂದ ಹೊಸಬ ಬರುತ್ತಾನೆ. ಅವನಿಗೆ ಹಳೆಯ ಕತೆ ಗೊತ್ತಿರುವುದಿಲ್ಲ. ನಮ್ಮಲ್ಲಿ ಕೊನೆಯ ಪಂಕ್ತಿಗೆ ಹೋಳಿಗೆ ಸಾಲದೆ ಹೋದರೆ ಆ ಸುದ್ದಿ ಬೀಗರ ಬಾಯಲ್ಲಿ ಹರಿಹರದಿಂದ ಜಗಳೂರಿನವರೆಗೆ ತಿರುಗುತ್ತದೆ, ಮುಂದಿನ ತಲೆಮಾರಿನ ಮದುವೆ ಮಾತುಕತೆಯಲ್ಲೂ ಏಳುತ್ತದೆ. ಕರೆಂಟು ಹೋದ ಹೊತ್ತಿಗೆ ಹೆಚ್ಚುವರಿ ಬಾಡಿಗೆ ಕೇಳೋಣವೇ ಎಂದು ನಮ್ಮ ಹುಡುಗನೊಬ್ಬ ಸೂಚಿಸಿದ್ದ. ಅವನು ಆಟವನ್ನು ಸ್ವಲ್ಪ ಹೆಚ್ಚೇ ಆಡಿದ್ದಾನೆ.

2014ರಿಂದ ಉತ್ಸಾಹಿಗಳು ಸೇರಿ ಓಪನ್‌ಆರ್‌ಸಿಟಿ2 ಎಂಬ ಹೆಸರಿನಲ್ಲಿ ಎರಡನೆಯ ಭಾಗವನ್ನು ಇಂದಿನ ಕಂಪ್ಯೂಟರುಗಳಿಗೆ ಒಗ್ಗಿಸುತ್ತಲೇ ಇದ್ದಾರೆ. ಅವರಿಗೆ ನನ್ನದೊಂದು ಬೇಡಿಕೆಯಿದೆ. ಆರತಕ್ಷತೆಯ ದಿನ ನಮ್ಮ ಅತಿ ಉದ್ದದ ಸಾಲು ಊಟದ್ದಲ್ಲ, ವೇದಿಕೆಯದು. ಮುಯ್ಯಿ ಹಿಡಿದು ನಿಂತವರು ಮುಂದೆ ಸರಿಯುವುದೇ ಇಲ್ಲ, ಏಕೆಂದರೆ ಫೋಟೋಗ್ರಾಫರ್ ಪ್ರತಿ ಕುಟುಂಬವನ್ನೂ "ಇನ್ನೊಂದು, ಇನ್ನೊಂದು" ಎಂದು ನಿಲ್ಲಿಸುತ್ತಾನೆ. ಆಟದಲ್ಲಿ ರೈಡ್ ಎಷ್ಟು ಹೊತ್ತು ಕಾಯಬೇಕೆಂದು ಗರಿಷ್ಠ ಮಿತಿ ಇಡಬಹುದು. ಫೋಟೋಗ್ರಾಫರ್‌ಗೆ ಅಂಥ ಗುಂಡಿ ಎಲ್ಲಿದೆಯೆಂದು ಗೊತ್ತಿರುವವರು ತಿಳಿಸಿ. ಶ್ರಾವಣಕ್ಕೆ ಬುಕಿಂಗ್ ತುಂಬಿದೆ.