ಏರಿದ ಗೇರಿನಲ್ಲೇ ಇಳಿಯುವವರ ಜೊತೆ ಎರಡು ದಿನ

ಮ್ಯಾಂಚೆಸ್ಟರಿನಲ್ಲಿರುವ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಹಳೆಯ ಕಾರುಗಳ ಸಂಘವೊಂದರ ಸದಸ್ಯರು. ವರ್ಷಕ್ಕೊಮ್ಮೆ ಸಂಘದವರೆಲ್ಲ ತಂತಮ್ಮ ಕಾರುಗಳಲ್ಲಿ ಒಂದೂರಿಗೆ ಹೋಗಿ ಎರಡು ರಾತ್ರಿ ತಂಗಿ ಬರುವುದು ವಾಡಿಕೆ. ಈ ಸಲ ಇಂಗ್ಲೆಂಡಿನ ಸರೋವರ-ಬೆಟ್ಟಗಳ ಸೀಮೆಯಾದ ಲೇಕ್ ಡಿಸ್ಟ್ರಿಕ್ಟಿನ ಆಂಬಲ್‌ಸೈಡಿಗೆ ಹೊರಟಾಗ, ಅವರ ಕಾರಿನ ಹಿಂದಿನ ಸೀಟಿನಲ್ಲಿ ನನಗೂ ಜಾಗ ಸಿಕ್ಕಿತು. ಇದರಲ್ಲಿ ಪಂದ್ಯವೂ ಇಲ್ಲ, ಬಹುಮಾನವೂ ಇಲ್ಲ.

ಅವರದು 1957ರ ಮಾರಿಸ್ ಆಕ್ಸ್‌ಫರ್ಡ್, ಮೂರನೆಯ ಸರಣಿ. ಶಿರಸಿಯ ಓದುಗರಿಗೆ ಅದನ್ನು ವರ್ಣಿಸುವ ಅಗತ್ಯವಿಲ್ಲ, ಏಕೆಂದರೆ ಅದೇ ನಮ್ಮ ಅಂಬಾಸಿಡರ್. ಇಂಗ್ಲೆಂಡಿನಲ್ಲಿ 1959ಕ್ಕೆ ನಿಂತುಹೋದ ಆ ಕಾರು ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಗುತ್ತಿತ್ತು ಎಂದು ನಾನು ಹೇಳಿದಾಗ ಸಂಘದ ಕೆಲವರು ನಂಬಲಿಲ್ಲ. ಅಂದಹಾಗೆ, ಇಲ್ಲಿನ ಕಟ್ಟುನಿಟ್ಟಿನ ಲೆಕ್ಕದಲ್ಲಿ 1919ರಿಂದ 1930ರೊಳಗೆ ತಯಾರಾದದ್ದು ಮಾತ್ರ ವಿಂಟೇಜ್. ಆ ಮರ್ಯಾದೆಗೆ ಪಾತ್ರವಾದದ್ದು ನಮ್ಮ ಗುಂಪಿನಲ್ಲಿ ಒಂದು ಪುಟ್ಟ ಆಸ್ಟಿನ್ ಸೆವೆನ್ ಮಾತ್ರ; ಉಳಿದವರು ಅದಕ್ಕೆ ಮನೆಯ ಅಜ್ಜನಿಗೆ ಕೊಡುವಷ್ಟು ಗೌರವ ಕೊಡುತ್ತಿದ್ದರು.

ಶನಿವಾರ ಆಂಬಲ್‌ಸೈಡಿನಿಂದ ಕರ್ಕ್‌ಸ್ಟೋನ್ ಕಣಿವೆದಾರಿಯ ನೆತ್ತಿಗೆ ಏರಿದೆವು. ಎತ್ತರ 454 ಮೀಟರ್, ಅಂದರೆ ಶಿರಸಿಗಿಂತಲೂ ತಗ್ಗು. ಆದರೆ ಆ ರಸ್ತೆಗೆ ಜನರಿಟ್ಟ ಹೆಸರೇ ‘ಸ್ಟ್ರಗಲ್’. ಕೆಲವೆಡೆ ಐದಡಿ ಸಾಗಿದರೆ ಒಂದಡಿ ಮೇಲೇರಬೇಕು. ಆಸ್ಟಿನ್ ಸೆವೆನ್ನಿನಲ್ಲಿ ನೀರು ಹರಿಸುವ ಪಂಪಿಲ್ಲ: ಕಾದ ನೀರು ತಾನಾಗಿ ಮೇಲೇರಿ, ರೇಡಿಯೇಟರಿನಲ್ಲಿ ತಣಿದು ಕೆಳಗಿಳಿಯಬೇಕು. ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿದ್ದುದರಿಂದ ಅದು ಅರ್ಧ ದಾರಿಯಲ್ಲೇ ಕುದಿಯಿತು. ಅದು ನಿಂತ ಕೂಡಲೇ, ಯಾರೂ ಹೇಳದೆಯೇ, ಉಳಿದ ಕಾರುಗಳೆಲ್ಲ ಜಾಗ ಸಿಕ್ಕಲ್ಲಿ ಬದಿಗೆ ನಿಂತವು. ಬಾನೆಟ್ ತೆರೆದಿಟ್ಟು, ಫ್ಲಾಸ್ಕಿನ ಚಹಾ ಹಂಚಿಕೊಂಡು, ರೇಡಿಯೇಟರಿನ ಮುಚ್ಚಳ ಮುಟ್ಟುವಷ್ಟು ತಣಿಯಲೆಂದು ಕಾದೆವು. ಕುಮಟೆಗೆ ಹೋಗುವಾಗಲೆಲ್ಲ ದೇವಿಮನೆ ಘಟ್ಟದಲ್ಲಿ ಅಪ್ಪಯ್ಯ ಇದೇ ರೀತಿ ಕೊಡಪಾನದ ನೀರು ಪಕ್ಕದಲ್ಲಿಟ್ಟುಕೊಂಡು ಕಾಯುತ್ತಿದ್ದುದು ನೆನಪಾಯಿತು. ಅಲ್ಲಿ ನಮ್ಮನ್ನು ಹಾದುಹೋಗುವ ಬಸ್ಸಿನವರ ಬೈಗುಳ ಕೇಳಿಸುತ್ತಿತ್ತು. ಇಲ್ಲಿ ಹಾದುಹೋದವರು ಕೈಬೀಸಿ ಫೋಟೋ ತೆಗೆದುಕೊಂಡರು.

ಇಳಿಜಾರು ಆರಂಭವಾಗುವ ಮೊದಲು ಸಂಘದ ಹಿರಿಯರು ಎಲ್ಲರನ್ನೂ ಕರೆದು ಒಂದೇ ಮಾತು ಹೇಳಿದರು: ಏರಿದ ಗೇರಿನಲ್ಲೇ ಇಳಿಯಿರಿ, ಬ್ರೇಕನ್ನು ನಂಬಬೇಡಿ. ಹಳೆಯ ಡ್ರಮ್ ಬ್ರೇಕುಗಳು ಸತತವಾಗಿ ಒತ್ತಿದರೆ ಕಾದು ಹಿಡಿತ ಕಳೆದುಕೊಳ್ಳುತ್ತವೆ. ಘಟ್ಟ ಇಳಿಯುವ ಅಡಿಕೆ ಲಾರಿಯ ಚಾಲಕರ ಬಾಯಲ್ಲಿ ಕೇಳಿದ್ದ ಮಾತನ್ನೇ ಇಂಗ್ಲಿಷಿನಲ್ಲಿ ಕೇಳಿ ನನಗೆ ನಗು ಬಂತು.

ರಾತ್ರಿಯ ಊಟದ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ; ಬೇಯಿಸಿದ ಆಲೂಗಡ್ಡೆಗೆ ನಾನು ಒಯ್ದಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯೇ ಗತಿಯಾಯಿತು.

ಭಾನುವಾರ ಸಂಜೆ ಅಮ್ಮನಿಗೆ ಫೋನು ಮಾಡಿ ಕಾರಿನ ಚಿತ್ರ ಕಳಿಸಿದೆ. ಸರೋವರದ ಬಗ್ಗೆ, ಬೆಟ್ಟದ ಬಗ್ಗೆ ಅವಳೇನೂ ಕೇಳಲಿಲ್ಲ. “ಅಂಬಾಸಿಡರ್ ನೋಡಲೆ ಅಷ್ಟು ದೂರ ಹೋದ್ಯನಾ ತಮಾ? ಹಿಂದಿನ ಸೀಟಲ್ಲಿ ಎಷ್ಟು ಜನ?” ಎಂದಳು. ಇಬ್ಬರು ಎಂದೆ.

“ಇಬ್ಬರೇಯಾ? ಉಳಿದ ಜಾಗದಲ್ಲಿ ಎಂತ ಇತ್ತು?”